ಆಫೀಸಿಗೆ ಒಂದೇ ಪ್ರಿಂಟರ್, ಸಿಸ್ಟಮ್ ಆರು: ಸ್ಪೂಲರ್ ಎಲ್ಲಿರಬೇಕು?

ಮಾರ್ಚ್ ಕೊನೆಯ ವಾರ. ನಮ್ಮ ಆಫೀಸಿನಲ್ಲಿ ಲೆಕ್ಕ ನೋಡಿಕೊಳ್ಳುವ ಮೇಡಂ ಅವತ್ತು ರಜೆ. ಪ್ರಿಂಟರ್‌ನ ಯುಎಸ್‌ಬಿ ಕೇಬಲ್ ಚುಚ್ಚಿರುವುದು ಅವರ ಸಿಸ್ಟಮ್‌ಗೆ. ಅದರ ಪಾಸ್‌ವರ್ಡ್ ಅವರಿಗೆ ಮಾತ್ರ ಗೊತ್ತು. ಉಳಿದ ಐದು ಸಿಸ್ಟಮ್‌ಗಳಲ್ಲೂ ಪ್ರಿಂಟರ್ ಹೆಸರಿನ ಮುಂದೆ ‘ಆಫ್‌ಲೈನ್’. ಮೇಡಂ ಫೋನ್ ಎತ್ತುತ್ತಿಲ್ಲ, ಊರಲ್ಲಿ ಮದುವೆ. ಕೊನೆಗೆ ಪೆನ್‌ಡ್ರೈವ್ ಹಿಡಿದು ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿ ನಲವತ್ತು ಹಾಳೆ ಪ್ರಿಂಟ್ ತೆಗೆಸಿಕೊಂಡು ಬಂದೆವು.

ಆಮೇಲೆ ಗೊತ್ತಾಯಿತು, ಪಾಸ್‌ವರ್ಡ್ ಬೇಕೇ ಇರಲಿಲ್ಲ. ಪವರ್ ಬಟನ್ ಒತ್ತಿ, ಪಾಸ್‌ವರ್ಡ್ ಕೇಳುವ ಪರದೆ ಬರುವವರೆಗೆ ಬಿಟ್ಟಿದ್ದರೆ ಸಾಕಿತ್ತು. ಯಾಕೆಂದರೆ ಪ್ರಿಂಟ್ ಸ್ಪೂಲರ್ ಅನ್ನುವುದು ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿಟ್ಟು ಪ್ರಿಂಟರ್‌ಗೆ ಕಳಿಸುತ್ತಾ ಹಿನ್ನೆಲೆಯಲ್ಲಿ ಓಡುವ ಸರ್ವೀಸ್. ಯಾರಾದರೂ ಲಾಗಿನ್ ಆಗಲಿ ಅಂತ ಅದು ಕಾಯುವುದಿಲ್ಲ. ಸಿಸ್ಟಮ್ ಎದ್ದರೆ ಅದೂ ಎದ್ದಂತೆ.

ಆ ದಿನದಿಂದ ಈ ವಿಷಯದ ಹಿಂದೆ ಬಿದ್ದೆ. ನಾಲ್ಕಾರು ಸಿಸ್ಟಮ್ ಇರುವ ಆಫೀಸು, ಶಾಲೆ, ಡಿಟಿಪಿ ಸೆಂಟರ್, ಸಹಕಾರ ಸಂಘ, ಇಂಥ ಕಡೆ ಪ್ರಿಂಟಿನ ಕ್ಯೂ ಯಾವ ಪೆಟ್ಟಿಗೆಯಲ್ಲಿ ಇರಬೇಕು ಅನ್ನುವುದಷ್ಟೇ ಇಲ್ಲಿನ ಪ್ರಶ್ನೆ. ವಿಂಡೋಸೋ ಲಿನಕ್ಸೋ ಅನ್ನುವುದು ಎರಡನೇ ಮಾತು. ಯಾವ ಪೆಟ್ಟಿಗೆ ಎಚ್ಚರವಾಗಿರುತ್ತದೆ, ನೀವು ರಜೆಯಲ್ಲಿದ್ದಾಗ ಕ್ಯೂ ಸಿಕ್ಕಿಹಾಕಿಕೊಂಡರೆ ಅದನ್ನು ಯಾರು ಬಿಡಿಸುತ್ತಾರೆ, ಇವು ಮೊದಲ ಮಾತು.

ಗಿರಣಿಯ ಡಬ್ಬಿ

ಹಿಟ್ಟಿನ ಗಿರಣಿಗೆ ಹೋದರೆ ಡಬ್ಬಿಯನ್ನು ಸಾಲಿನಲ್ಲಿಟ್ಟು ಮನೆಗೆ ಬಂದುಬಿಡುತ್ತೇವೆ ಅಲ್ವಾ? ಗಿರಣಿಯವನು ಒಂದಾದ ಮೇಲೆ ಒಂದು ಬೀಸುತ್ತಾನೆ. ನಾವು ಸಂಜೆ ಹೋಗಿ ತರುತ್ತೇವೆ. ಸ್ಪೂಲರ್ ಮಾಡುವುದೂ ಅದನ್ನೇ. ನೀವು ಪ್ರಿಂಟ್ ಕೊಟ್ಟ ಕೂಡಲೇ ಅದು ಫೈಲನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು ನಿಮ್ಮನ್ನು ಕಳಿಸಿಬಿಡುತ್ತದೆ. ಆಮೇಲೆ ಪ್ರಿಂಟರ್‌ನ ವೇಗಕ್ಕೆ ತಕ್ಕಂತೆ ಸ್ವಲ್ಪಸ್ವಲ್ಪವೇ ಉಣಿಸುತ್ತದೆ.

ಡಿಸ್ಕ್ ಯಾಕೆ ಬೇಕು ಅಂದರೆ ಲೆಕ್ಕ ನೋಡಿ. ಒಂದು ಎ4 ಹಾಳೆಯನ್ನು 600 ಡಿಪಿಐಯಲ್ಲಿ, ಅಂದರೆ ಇಂಚಿಗೆ 600ರಂತೆ, ಚುಕ್ಕಿಗಳಾಗಿ ಒಡೆದರೆ ಅಗಲಕ್ಕೆ 4960, ಉದ್ದಕ್ಕೆ 7016 ಚುಕ್ಕಿ. ಒಟ್ಟು ಹತ್ತಿರಹತ್ತಿರ ಮೂರೂವರೆ ಕೋಟಿ. ಬರೀ ಕಪ್ಪು-ಬಿಳುಪಾದರೆ 4 ಎಂಬಿ ಚಿಲ್ಲರೆ. ಬಣ್ಣದ್ದಾದರೆ, ಕುಗ್ಗಿಸದೆ ಇಟ್ಟರೆ, 100 ಎಂಬಿ ದಾಟುತ್ತದೆ. ನಮ್ಮ ಕಡೆ ಆಫೀಸುಗಳಲ್ಲಿ ಇವತ್ತಿಗೂ ದುಡಿಯುತ್ತಿರುವ ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ ಲೇಸರ್‌ಜೆಟ್ 1020 ಇವೆಯಲ್ಲ, ಅವುಗಳ ಒಳಗಿನ ಮೆಮೊರಿ 2 ಎಂಬಿ. ಅಂದರೆ ಯೋಚನೆ ಮಾಡುವ ಕೆಲಸವೆಲ್ಲ ಕಂಪ್ಯೂಟರ್‌ನದೇ. ಪ್ರಿಂಟರ್ ಬರೀ ಕೈ. ಈ ಮಾತು ನೆನಪಿರಲಿ, ಮುಂದೆ ಎರಡು ಮೂರು ಕಡೆ ಇದೇ ಅಡ್ಡ ಬರುತ್ತದೆ.

ಮೊದಲು ಪ್ರಿಂಟರ್‌ನ ಬೆನ್ನು ನೋಡಿ

ಯಾವ ಸರ್ವರ್ ಹಾಕಲಿ ಅಂತ ಕೇಳುವ ಮುಂಚೆ ಪ್ರಿಂಟರನ್ನು ತಿರುಗಿಸಿ ಹಿಂದೆ ನೋಡಿ. ಲ್ಯಾನ್ ಕೇಬಲ್ ಹಾಕುವ ಕಿಂಡಿ ಇದೆಯಾ? ಅಥವಾ ವೈಫೈ ಇದೆಯಾ? ಇದ್ದರೆ, ಆರೇಳು ಸಿಸ್ಟಮ್‌ವರೆಗೆ ನಿಮಗೆ ಯಾವ ಸರ್ವರೂ ಬೇಡ ಅನ್ನುವುದು ನನ್ನ ಅಭಿಪ್ರಾಯ. ಪ್ರತಿ ಸಿಸ್ಟಮ್‌ನಲ್ಲೂ ಸ್ಪೂಲರ್ ಹೇಗೂ ಓಡುತ್ತಿರುತ್ತದೆ. ಅದು ನೇರವಾಗಿ ಪ್ರಿಂಟರ್ ಜೊತೆ ಮಾತಾಡಲಿ. ನಡುವೆ ಇನ್ನೊಂದು ಪೆಟ್ಟಿಗೆ ಇಲ್ಲದಿದ್ದರೆ ಕೆಡುವ ವಸ್ತು ಒಂದು ಕಡಿಮೆಯಾಯಿತು.

ಆದರೆ ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ರೌಟರ್ ಪ್ರಿಂಟರ್‌ಗೆ ಕೊಟ್ಟ ಐಪಿ ವಿಳಾಸವನ್ನು (ನೆಟ್‌ವರ್ಕಿನಲ್ಲಿ ಅದರ ಮನೆ ನಂಬರ್ ಇದ್ದಂತೆ) ಹಾಗೇ ನಂಬಿಬಿಡುತ್ತಾರೆ. ಕರೆಂಟ್ ಹೋಗಿ ಬಂದಾಗ ರೌಟರ್ ಬೇರೆ ವಿಳಾಸ ಕೊಡಬಹುದು. ಆಗ ನಿನ್ನೆಯವರೆಗೆ ಓಡುತ್ತಿದ್ದ ಪ್ರಿಂಟರ್ ಇವತ್ತು ‘ಆಫ್‌ಲೈನ್’. ರೌಟರ್ ಒಳಗೆ ಹೋಗಿ ಈ ಪ್ರಿಂಟರ್‌ಗೆ ಇದೇ ವಿಳಾಸ ಅಂತ ಕಾದಿರಿಸಿ. ಐದು ನಿಮಿಷದ ಕೆಲಸ, ವರ್ಷಗಟ್ಟಲೆ ನೆಮ್ಮದಿ.

ಎರಡನೆಯದು, ವಿಂಡೋಸ್ ತಾನಾಗಿಯೇ ಪ್ರಿಂಟರನ್ನು ಹುಡುಕಿ ಸೇರಿಸಿದಾಗ ಎಷ್ಟೋ ಸಲ ಪ್ರಿಂಟರ್‌ಗೆ ಹೋಗುವ ದಾರಿಯಾಗಿ ಡಬ್ಲ್ಯುಎಸ್‌ಡಿ ಅನ್ನುವ ಪೋರ್ಟ್ ಹಾಕಿಕೊಳ್ಳುತ್ತದೆ. ಅದು ಆಗಾಗ ಪ್ರಿಂಟರನ್ನು ಕಳೆದುಕೊಳ್ಳುತ್ತದೆ. ಕೈಯಾರೆ ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್’ ಆರಿಸಿ, ವಿಳಾಸ ಬರೆದು ಸೇರಿಸಿ. ಅದಾದ ಮೇಲೂ ಪ್ರಿಂಟರ್ ಎದುರಿಗೆ ಉರಿಯುತ್ತಾ ಇದ್ದು ಪರದೆಯಲ್ಲಿ ಆಫ್‌ಲೈನ್ ಅಂತ ತೋರಿಸಿದರೆ, ಪೋರ್ಟ್ ಸೆಟ್ಟಿಂಗ್‌ನಲ್ಲಿ ಎಸ್‌ಎನ್‌ಎಂಪಿ (ಪ್ರಿಂಟರ್‌ನ ಸ್ಥಿತಿ ವಿಚಾರಿಸುವ ಏರ್ಪಾಟು) ಮುಂದಿರುವ ಗುರುತು ತೆಗೆದು ನೋಡಿ. ಅಷ್ಟಕ್ಕೇ ಸರಿಹೋದದ್ದನ್ನು ನಾನು ಹಲವು ಸಲ ನೋಡಿದ್ದೇನೆ.

ಈ ದಾರಿಯ ಕೊರತೆ ಏನು? ಗಿರಣಿ ಒಂದೇ, ಆದರೆ ಡಬ್ಬಿಗಳು ಅವರವರ ಮನೆಯಲ್ಲೇ ಇರುತ್ತವೆ. ಯಾರ ಕೆಲಸ ಎಷ್ಟು ಬಾಕಿ ಇದೆ ಅಂತ ಒಂದು ಕಡೆ ಕೂತು ನೋಡಲಾಗದು. ಒಬ್ಬರು ತಪ್ಪಿ ಇನ್ನೂರು ಪುಟದ ಫೈಲ್ ಕೊಟ್ಟರೆ ಅವರ ಸಿಸ್ಟಮ್‌ಗೇ ಹೋಗಿ ರದ್ದು ಮಾಡಬೇಕು. ಯಾರು ಎಷ್ಟು ಹಾಳೆ ಖರ್ಚು ಮಾಡಿದರು ಅನ್ನುವ ಲೆಕ್ಕವೂ ಸಿಗುವುದಿಲ್ಲ. ಪ್ರಿಂಟರ್‌ಗೆ ಅರ್ಥವಾಗುವ ಹಾಗೆ ಪುಟ ತಯಾರಿಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಪ್ರತಿ ಸಿಸ್ಟಮ್‌ಗೂ ಹಾಕಬೇಕು. ಇವು ನಿಮಗೆ ತೊಂದರೆ ಅನ್ನಿಸದಿದ್ದರೆ ಇಲ್ಲಿಗೇ ಓದು ನಿಲ್ಲಿಸಬಹುದು.

ಒಬ್ಬರ ಸಿಸ್ಟಮ್‌ನಿಂದ ಶೇರ್ ಮಾಡುವುದು

ಪ್ರಿಂಟರ್‌ಗೆ ಯುಎಸ್‌ಬಿ ಒಂದೇ ಇದ್ದರೆ ನಮ್ಮಲ್ಲಿ ಎಲ್ಲರೂ ಮಾಡುವುದು ಇದನ್ನೇ. ಒಂದು ವಿಂಡೋಸ್ ಸಿಸ್ಟಮ್‌ಗೆ ಕೇಬಲ್ ಚುಚ್ಚಿ, ಶೇರ್ ಅಂತ ಗುರುತು ಹಾಕಿ, ಉಳಿದವರು ಅದಕ್ಕೆ ಸೇರಿಕೊಳ್ಳುವುದು. ಖರ್ಚಿಲ್ಲ. ಕಂಪನಿ ಕೊಟ್ಟ ಡ್ರೈವರ್ ಹೇಗೂ ವಿಂಡೋಸ್‌ಗೇ ಇರುತ್ತದೆ, ಹಾಗಾಗಿ ಯಾವ ಪ್ರಿಂಟರ್ ಆದರೂ ನಡೆಯುತ್ತದೆ. ಈ ಒಂದು ಗುಣಕ್ಕಾಗಿಯೇ ಇದು ಇಷ್ಟು ವರ್ಷ ಉಳಿದುಕೊಂಡಿದೆ.

ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್ ಇರುವವರಿಗಂತೂ ಇದೇ ಸುಲಭ. ಡಾಸ್ ಕಾಲದ ಎಷ್ಟೋ ಪ್ರೋಗ್ರಾಮ್‌ಗಳು ಎಲ್‌ಪಿಟಿ1 ಅನ್ನುವ ಪೋರ್ಟ್ ಬಿಟ್ಟು ಬೇರೇನೂ ಅರಿಯವು. ಶೇರ್ ಮಾಡಿದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ‘ನೆಟ್ ಯೂಸ್’ ಕಮಾಂಡ್ ಕೊಟ್ಟು ಆ ಪೋರ್ಟಿಗೆ ಕಟ್ಟಿಬಿಟ್ಟರೆ, ಇಪ್ಪತ್ತೈದು ವರ್ಷದ ಹಳೆ ಪ್ರೋಗ್ರಾಮ್ ಕೂಡ ನೆಟ್‌ವರ್ಕಿನ ಆಚೆ ಇರುವ ಪ್ರಿಂಟರ್‌ನಲ್ಲಿ ಬಿಲ್ ಹೊಡೆಯುತ್ತದೆ. ಲಿನಕ್ಸ್ ಪೆಟ್ಟಿಗೆಯಲ್ಲಿ ಇದನ್ನು ಮಾಡಬಹುದು, ಆದರೆ ಸುತ್ತು ಜಾಸ್ತಿ.

ಇನ್ನು ತಾಪತ್ರಯಗಳು. ಮೊದಲನೆಯದು ನಿದ್ದೆ. ಆ ಸಿಸ್ಟಮ್ ಸ್ಲೀಪ್‌ಗೆ ಹೋದರೆ ಎಲ್ಲರ ಪ್ರಿಂಟ್ ಹೋಯಿತು. ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಬೇಡ ಅಂತ ಹಾಕಿ, ಪರದೆ ಮಾತ್ರ ಆರಲಿ. ವಿಂಡೋಸ್ ಅಪ್‌ಡೇಟ್ ಬಂದು ಮಧ್ಯಾಹ್ನ ರೀಸ್ಟಾರ್ಟ್ ಆದರೂ ಇದೇ ಕಥೆ. ಸಾಧಾರಣ ವಿಂಡೋಸ್ 10, 11ರಲ್ಲಿ ಒಟ್ಟಿಗೆ 20ಕ್ಕಿಂತ ಹೆಚ್ಚು ಸಿಸ್ಟಮ್ ಸೇರಿಕೊಳ್ಳಲು ಆಗದು, ಆದರೆ ಆರು ಸಿಸ್ಟಮ್‌ನವರಿಗೆ ಅದೊಂದು ಚಿಂತೆಯಲ್ಲ.

ನಿಜವಾದ ತಲೆನೋವು ಶುರುವಾದದ್ದು 2021ರಲ್ಲಿ. ವಿಂಡೋಸ್ ಸ್ಪೂಲರ್ ಸಿಸ್ಟಮ್‌ನ ಅತಿ ದೊಡ್ಡ ಅಧಿಕಾರದಲ್ಲಿ ಓಡುತ್ತದೆ, ಜೊತೆಗೆ ನೆಟ್‌ವರ್ಕಿನಿಂದ ಬಂದವರಿಗೆ ಬಾಗಿಲನ್ನೂ ತೆರೆಯುತ್ತದೆ. ಕಳ್ಳರಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಅನ್ನುವ ಕಂಪ್ಯೂಟರ್ ವರ್ಮ್ ಹರಡಲು ಬಳಸಿದ ಕಿಂಡಿಗಳಲ್ಲಿ ಸ್ಪೂಲರ್‌ನದೂ ಒಂದು. 2021ರ ಜುಲೈನಲ್ಲಿ ಬಂದ ‘ಪ್ರಿಂಟ್‌ನೈಟ್‌ಮೇರ್’ ದೋಷ ಎಷ್ಟು ದೊಡ್ಡದಿತ್ತು ಅಂದರೆ, ಬೆಂಬಲ ಮುಗಿದಿದ್ದ ವಿಂಡೋಸ್ 7ಕ್ಕೂ ಮೈಕ್ರೋಸಾಫ್ಟ್ ತುರ್ತು ತೇಪೆ (ಪ್ಯಾಚ್) ಕೊಟ್ಟಿತು. ಅದಾದ ಮೇಲೆ ನಿಯಮಗಳು ಬಿಗಿಯಾದವು. ಶೇರ್ ಆದ ಪ್ರಿಂಟರ್‌ನ ಡ್ರೈವರ್ ಹಾಕಿಕೊಳ್ಳಲು ಅಡ್ಮಿನ್ ಪಾಸ್‌ವರ್ಡ್ ಬೇಕಾಯಿತು. ಅದೇ ಸೆಪ್ಟೆಂಬರ್‌ನಿಂದ ಎಷ್ಟೋ ಕಡೆ ಕೊನೆಯಲ್ಲಿ 11ಬಿ ಅಂತ ಬರುವ ಎರರ್ ಕಾಣಿಸಿಕೊಂಡಿತು. 2022ರ ವಿಂಡೋಸ್ 11 ಆವೃತ್ತಿಯಲ್ಲಿ ಸಿಸ್ಟಮ್‌ಗಳು ಪ್ರಿಂಟ್ ಬಗ್ಗೆ ಮಾತಾಡಿಕೊಳ್ಳುವ ರೀತಿಯೇ ಬದಲಾಯಿತು. ಹಳತು ಹೊಸತು ಬೆರೆತ ಆಫೀಸುಗಳಲ್ಲಿ ಒಂದಕ್ಕೊಂದು ಸೇರದೆ ಜನ ಒದ್ದಾಡಿದರು.

ಈ 11ಬಿಗೆ ಯೂಟ್ಯೂಬಿನಲ್ಲಿ ಸಿಗುವ ಮದ್ದು ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಒಂದು ಅಂಕಿಯನ್ನು ಸೊನ್ನೆ ಮಾಡುವುದು. ಪ್ರಿಂಟ್ ಬರುತ್ತದೆ ನಿಜ. ಆದರೆ ಹೊಸದಾಗಿ ಹಾಕಿಸಿದ ಬೀಗವನ್ನು ಕೀಲಿಕೈ ಸಿಗಲಿಲ್ಲ ಅಂತ ಒಡೆದು ಹಾಕಿದ ಹಾಗೆ ಅದು. ಎರಡೂ ಕಡೆಯ ಸಿಸ್ಟಮ್‌ಗಳಿಗೆ ಅಪ್‌ಡೇಟ್ ಹಾಕಿ ಮೊದಲು ನೋಡಿ. ಕೇಬಲ್ ಚುಚ್ಚಿರುವ ಸಿಸ್ಟಮ್ ವಿಂಡೋಸ್ 10 ಆಗಿದ್ದರೆ ಇನ್ನೊಂದು ಮಾತು. ಅದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ತೇಪೆ ಬಾರದ ಸಿಸ್ಟಮ್‌ನಲ್ಲಿ ಹೊರಗಿನವರಿಗೆ ಬಾಗಿಲು ತೆರೆಯುವ ಸರ್ವೀಸ್ ಓಡಿಸುವುದು ನನಗೇನೋ ಸರಿ ಕಾಣುವುದಿಲ್ಲ.

ಶೇರ್ ಮಾಡದ ಉಳಿದ ಸಿಸ್ಟಮ್‌ಗಳಲ್ಲೂ ಆ ಬಾಗಿಲು ಮುಚ್ಚಿರಲಿ. ಪ್ರೊ ಆವೃತ್ತಿಯ ಗ್ರೂಪ್ ಪಾಲಿಸಿಯಲ್ಲಿ ಸ್ಪೂಲರ್ ಹೊರಗಿನ ಕೋರಿಕೆ ಸ್ವೀಕರಿಸಬಾರದು ಅಂತ ಹಾಕುವ ಸೌಲಭ್ಯ ಇದೆ. ಹಾಗೆ ಮಾಡಿದರೆ ಆ ಸಿಸ್ಟಮ್‌ನಿಂದ ಪ್ರಿಂಟ್ ಕೊಡಲು ಅಡ್ಡಿಯಿಲ್ಲ, ಹೊರಗಿನವರು ಒಳಗೆ ಬರಲಾರರು. ಪ್ರಿಂಟೇ ಕೊಡದ ಸಿಸ್ಟಮ್ ಇದ್ದರೆ ಸರ್ವೀಸನ್ನೇ ನಿಲ್ಲಿಸಿಬಿಡಿ.

ಕ್ಯೂ ಸಿಕ್ಕಿಹಾಕಿಕೊಂಡಾಗ ಏನು ಮಾಡಬೇಕು ಅನ್ನುವುದನ್ನು ಆಫೀಸಿನಲ್ಲಿ ಇಬ್ಬರಿಗಾದರೂ ಕಲಿಸಿಡಿ. ಸರ್ವೀಸಸ್ ಪಟ್ಟಿ ತೆರೆದು ‘ಪ್ರಿಂಟ್ ಸ್ಪೂಲರ್’ ನಿಲ್ಲಿಸಬೇಕು. ಸಿ ಡ್ರೈವ್‌ನಲ್ಲಿ ವಿಂಡೋಸ್, ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಫೋಲ್ಡರ್. ಅಲ್ಲಿರುವ ಫೈಲ್‌ಗಳನ್ನು ಅಳಿಸಿ ಸರ್ವೀಸ್ ಮತ್ತೆ ಶುರು ಮಾಡಿ. ಅಳಿಸುವ ಮುಂಚೆ ಒಂದು ಕೂಗು ಹಾಕಿ, ಯಾಕೆಂದರೆ ಅಲ್ಲಿರುವುದು ನಿಮ್ಮ ಡಬ್ಬಿ ಮಾತ್ರ ಅಲ್ಲ, ಎಲ್ಲರದ್ದೂ.

ಪುಟ್ಟ ಲಿನಕ್ಸ್ ಪೆಟ್ಟಿಗೆ, ಅದರಲ್ಲಿ ಕಪ್ಸ್

ನನ್ನ ಒಲವು ಇದರ ಕಡೆಗೆ. ಹಾಗಂತ ಎಲ್ಲರಿಗೂ ಹೊಂದುತ್ತದೆ ಅನ್ನಲಾರೆ.

ಕಪ್ಸ್ ಅನ್ನುವುದು ಲಿನಕ್ಸ್ ಮತ್ತು ಮ್ಯಾಕ್‌ಗಳ ಪ್ರಿಂಟ್ ವ್ಯವಸ್ಥೆ. ಮೈಕೆಲ್ ಸ್ವೀಟ್ ಶುರು ಮಾಡಿದ್ದು, 1999ರಲ್ಲಿ ಹೊರಬಂತು. 2002ರಲ್ಲಿ ಆಪಲ್ ತನ್ನ ಮ್ಯಾಕ್‌ಗೆ ಅದನ್ನೇ ಹಾಕಿಕೊಂಡಿತು. ಹಾಗಾಗಿ ಮ್ಯಾಕ್ ಇಟ್ಟುಕೊಂಡವರು ಹೆಸರು ಕೇಳದಿದ್ದರೂ ದಿನಾ ಕಪ್ಸ್ ಬಳಸುತ್ತಲೇ ಇದ್ದಾರೆ. ಅದರದೇ ಒಂದು ವೆಬ್ ಪುಟ ಇರುತ್ತದೆ, ಪೋರ್ಟ್ 631ರಲ್ಲಿ. ಸೆಟ್ಟಿಂಗ್‌ನಲ್ಲಿ ಅನುಮತಿ ಕೊಟ್ಟಿದ್ದರೆ ಯಾವ ಸಿಸ್ಟಮ್‌ನಿಂದಾದರೂ ಬ್ರೌಸರ್ ತೆರೆದು ಯಾರ ಕೆಲಸ ಎಲ್ಲಿದೆ ನೋಡಬಹುದು, ನಿಲ್ಲಿಸಬಹುದು, ರದ್ದು ಮಾಡಬಹುದು. ಗಿರಣಿಯ ಎಲ್ಲ ಡಬ್ಬಿಗಳೂ ಒಂದೇ ಕಟ್ಟೆಯ ಮೇಲೆ.

ಇನ್ನೊಂದು ಲಾಭವನ್ನು ನಾನು ಮೊದಲು ಎಣಿಸಿಯೇ ಇರಲಿಲ್ಲ. ಮೊಬೈಲ್. ಕಪ್ಸ್‌ನಲ್ಲಿ ಪ್ರಿಂಟರ್ ಶೇರ್ ಮಾಡಿ, ಇಲ್ಲೊಂದು ಪ್ರಿಂಟರ್ ಇದೆ ಅಂತ ನೆಟ್‌ವರ್ಕಿನಲ್ಲಿ ಸಾರುವ ಅವಾಹಿ ಅನ್ನುವ ಇನ್ನೊಂದು ಸರ್ವೀಸ್ ಓಡುತ್ತಿದ್ದರೆ, ಹದಿನೈದು ವರ್ಷದ ಹಳೆ ಯುಎಸ್‌ಬಿ ಪ್ರಿಂಟರ್ ಕೂಡ ಐಫೋನಿಗೆ ಏರ್‌ಪ್ರಿಂಟ್ (ಡ್ರೈವರ್ ಹಾಕದೆ ಪ್ರಿಂಟ್ ಮಾಡುವ ಆಪಲ್ ಪದ್ಧತಿ) ಪ್ರಿಂಟರ್ ಆಗಿ ಕಾಣಿಸುತ್ತದೆ. ಹೊಸ ಆಂಡ್ರಾಯ್ಡ್‌ಗಳಿಗೂ ಸಾಮಾನ್ಯವಾಗಿ ಸಿಗುತ್ತದೆ. ವಾಟ್ಸಾಪಿನಲ್ಲಿ ಬಂದ ಪಿಡಿಎಫ್ ಅನ್ನು ಸಿಸ್ಟಮ್‌ಗೆ ಕಳಿಸಿ, ತೆರೆದು, ಪ್ರಿಂಟ್ ಕೊಡುವ ಸರ್ಕಸ್ ನಿಂತುಹೋಯಿತು.

ಅಡ್ಡಿ ಇರುವುದು ಡ್ರೈವರ್‌ನಲ್ಲಿ. ಯೋಚನೆ ಮಾಡುವುದು ಕಂಪ್ಯೂಟರ್, ಪ್ರಿಂಟರ್ ಬರೀ ಕೈ ಅಂದೆನಲ್ಲ. ಆ ಯೋಚನೆಯ ಕೆಲಸ ಲಿನಕ್ಸ್‌ಗೂ ಬರಬೇಕು. ಎಲ್‌ಬಿಪಿ 2900ಕ್ಕೆ ಕ್ಯಾನನ್ ಕೊಟ್ಟ ಲಿನಕ್ಸ್ ಡ್ರೈವರ್ ಇಂಟೆಲ್ ಮಾದರಿಯ ಪ್ರೊಸೆಸರ್‌ಗೆ ಮಾತ್ರ. ಅಂಗೈಯಗಲದ ಕಂಪ್ಯೂಟರ್ ಆದ ರಾಸ್ಪ್‌ಬೆರಿ ಪೈಯಲ್ಲಿರುವುದು ಆರ್ಮ್ ಪ್ರೊಸೆಸರ್, ಅಲ್ಲಿ ಅದು ಓಡದು. ಎಚ್‌ಪಿ 1020ರದು ಬೇರೆ ರಗಳೆ. ಪ್ರತಿ ಸಲ ಆಫ್ ಮಾಡಿದಾಗ ತನ್ನ ಫರ್ಮ್‌ವೇರ್ (ತನ್ನನ್ನು ನಡೆಸುವ ಒಳಗಿನ ಪ್ರೋಗ್ರಾಮ್) ಮರೆತುಬಿಡುತ್ತದೆ, ಆನ್ ಆದ ಮೇಲೆ ಕಂಪ್ಯೂಟರ್ ಅದನ್ನು ಮತ್ತೆ ತುಂಬಬೇಕು. ಎಚ್‌ಪಿಯ ಲಿನಕ್ಸ್ ಪ್ಯಾಕೇಜಿಗೆ ಪ್ರತ್ಯೇಕ ಪ್ಲಗಿನ್ ಹಾಕಿದರೆ ಇದು ನಡೆಯುತ್ತದೆ. ಬ್ರದರ್‌ನ ಅನೇಕ ಸಣ್ಣ ಲೇಸರ್‌ಗಳಿಗೆ ಮುಕ್ತ ಡ್ರೈವರ್ ಇದೆ, ಪೈಯಲ್ಲೂ ಓಡುತ್ತದೆ. ಎಪ್ಸನ್ ಇಂಕ್‌ಟ್ಯಾಂಕ್‌ಗಳೂ ಹೆಚ್ಚಾಗಿ ತೊಂದರೆ ಕೊಡುವುದಿಲ್ಲ. ಪೆಟ್ಟಿಗೆ ಕೊಳ್ಳುವ ಮುಂಚೆ ನಿಮ್ಮ ಮಾಡೆಲ್ ನಂಬರ್ ಹಾಕಿ ಹುಡುಕಿ. ಹಿಂದುಮುಂದು ಮಾಡಿದರೆ ದುಡ್ಡು ದಂಡ.

ಪೆಟ್ಟಿಗೆ ಯಾವುದು? ಎಲ್ಲರೂ ರಾಸ್ಪ್‌ಬೆರಿ ಪೈ ಅನ್ನುತ್ತಾರೆ. ಚಿಕ್ಕದು, ಶಬ್ದ ಇಲ್ಲ, ಕರೆಂಟ್ ಹಿಡಿಯುವುದು ನಾಲ್ಕೈದು ವ್ಯಾಟ್ ಅಷ್ಟೇ. ಆದರೆ ನಮ್ಮೂರ ಕರೆಂಟಿಗೆ ಅದರ ಎಸ್‌ಡಿ ಕಾರ್ಡ್ ತಾಳುವುದು ಕಷ್ಟ. ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡ್ ಕೆಡುವ ಸಂಭವ ಇದೆ. ನಾನು ಹೇಳುವುದು, ಅಟ್ಟದ ಮೇಲೆ ಬಿದ್ದಿರುವ ಹಳೆ ಲ್ಯಾಪ್‌ಟಾಪ್ ಇಳಿಸಿ ಅಂತ. ಬ್ಯಾಟರಿ ಅರ್ಧ ಗಂಟೆ ಬಂದರೂ ಸಾಕು, ಅದೇ ಯುಪಿಎಸ್. ಪ್ರೊಸೆಸರ್ ಇಂಟೆಲ್ ಮಾದರಿಯದು, ಹಾಗಾಗಿ ಪೈಯಲ್ಲಿ ಓಡದ ಡ್ರೈವರ್‌ಗಳಿಗೂ ಒಂದು ಅವಕಾಶ, ಕ್ಯಾನನ್‌ನದು ಅಷ್ಟು ಸಲೀಸಲ್ಲದಿದ್ದರೂ. ಪರದೆ, ಕೀಬೋರ್ಡ್ ಜೊತೆಗೇ ಇರುತ್ತವೆ. ಡೆಬಿಯನ್ ಅನ್ನುವ ಲಿನಕ್ಸ್ ಹಾಕಿ, ಮುಚ್ಚಳ ಮುಚ್ಚಿದರೆ ನಿದ್ದೆಗೆ ಹೋಗಬೇಡ ಅಂತ ಹೇಳಿ, ಮೇಜಿನ ಕೆಳಗೆ ಇಟ್ಟುಬಿಡಿ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಈ ಮಾತು ಮರೆತುಬಿಡಿ.

ಯುಪಿಎಸ್ ವಿಷಯ ಬಂತಲ್ಲ, ಲೇಸರ್ ಪ್ರಿಂಟರನ್ನು ಮಾತ್ರ ಸಣ್ಣ ಯುಪಿಎಸ್‌ಗೆ ಹಾಕಬೇಡಿ. ಟೋನರ್ ಕರಗಿಸುವ ಹೀಟರ್ ಒಮ್ಮೆಗೇ ನೂರಾರು ವ್ಯಾಟ್ ಎಳೆಯುತ್ತದೆ. ಯುಪಿಎಸ್ ಕುಂಯ್ ಅಂತ ಕೂಗಿ ಕೂತುಬಿಡುತ್ತದೆ, ಜೊತೆಗೆ ನಿಮ್ಮ ಸಿಸ್ಟಮ್ ಕೂಡ.

ಕಪ್ಸ್ ಹಾಕಿದ ಮೇಲೆ ನಾಲ್ಕು ಕಡೆ ಕೈಯಾಡಿಸಬೇಕು. ನಿಮ್ಮ ಯೂಸರ್ ಹೆಸರನ್ನು ಎಲ್‌ಪಿಅಡ್ಮಿನ್ ಗುಂಪಿಗೆ ಸೇರಿಸದಿದ್ದರೆ ವೆಬ್ ಪುಟ ಪ್ರಿಂಟರ್ ಸೇರಿಸಲು ಬಿಡುವುದಿಲ್ಲ. ಎರಡನೆಯದು, ತಪ್ಪಾದಾಗ ಏನು ಮಾಡಬೇಕು ಅನ್ನುವ ಎರರ್ ಪಾಲಿಸಿ. ಎಷ್ಟೋ ಕಡೆ ಅದು ‘ಪ್ರಿಂಟರ್ ನಿಲ್ಲಿಸು’ ಅಂತ ಇರುತ್ತದೆ. ಯಾರೋ ಪ್ರಿಂಟರ್ ಆಫ್ ಮಾಡಿದಾಗ ಒಬ್ಬರು ಪ್ರಿಂಟ್ ಕೊಟ್ಟರೆ ಸಾಕು, ಕ್ಯೂ ಪೂರ್ತಿ ನಿಂತು, ನೀವು ಹೋಗಿ ಎಬ್ಬಿಸುವವರೆಗೆ ಏಳುವುದಿಲ್ಲ. ಅದನ್ನು ‘ಮತ್ತೆ ಪ್ರಯತ್ನಿಸು’ ಅಂತ ಬದಲಿಸಿ. ಮೂರನೆಯದು, ಪ್ರಿಂಟ್ ಮುಗಿದ ಫೈಲ್‌ಗಳನ್ನು ಕಪ್ಸ್ ಸಾಮಾನ್ಯವಾಗಿ ಒಂದು ದಿನ ಇಟ್ಟುಕೊಳ್ಳುತ್ತದೆ. ಜನರ ಆಧಾರ್, ಪಾಸ್‌ಬುಕ್ ಪ್ರತಿಗಳು ಓಡಾಡುವ ಆಫೀಸಾದರೆ ಅದನ್ನು ಆಫ್ ಮಾಡಿ. ನಾಲ್ಕನೆಯದು ಹಾಳೆಗಳ ಲೆಕ್ಕ. ಯಾರು ಎಷ್ಟು ಪುಟ ಹೊಡೆದರು ಅನ್ನುವ ಪೇಜ್ ಲಾಗ್ ಬರೆಯಲು ಕಪ್ಸ್‌ಗೆ ಬರುತ್ತದೆ, ಆದರೆ ಅದರ ಮಾದರಿಯನ್ನು ನೀವೇ ಸೆಟ್ಟಿಂಗ್ ಫೈಲ್‌ನಲ್ಲಿ ಬರೆಯದಿದ್ದರೆ ಅದು ಖಾಲಿ ಇರುತ್ತದೆ. ವಿಂಡೋಸ್‌ನಲ್ಲೂ ಈವೆಂಟ್ ವ್ಯೂವರ್‌ನಲ್ಲಿ ಪ್ರಿಂಟ್ ಸರ್ವೀಸ್ ಲಾಗ್ ಹೀಗೆಯೇ ಮುಚ್ಚಿಕೊಂಡಿರುತ್ತದೆ, ನಾವೇ ತೆರೆಯಬೇಕು. ಲೆಕ್ಕ ಬೇಕು ಅಂತ ವರ್ಷದ ಕೊನೆಗೆ ನೆನಪಾದರೆ ಪ್ರಯೋಜನವಿಲ್ಲ.

ವಿಂಡೋಸ್ ಸಿಸ್ಟಮ್‌ಗಳು ಕಪ್ಸ್‌ಗೆ ಸೇರಲು ಸಾಂಬಾ (ಲಿನಕ್ಸ್‌ನಲ್ಲಿ ವಿಂಡೋಸ್ ರೀತಿಯ ಶೇರಿಂಗ್ ಮಾಡುವ ಸಾಫ್ಟ್‌ವೇರ್) ಬೇಕು ಅಂತ ಹಳೆಯ ಮಾರ್ಗದರ್ಶಿಗಳು ಹೇಳುತ್ತವೆ. ಬೇಡ. ಪ್ರಿಂಟರ್ ಸೇರಿಸುವಾಗ ಹೆಸರಿನ ಜಾಗದಲ್ಲಿ ಎಚ್‌ಟಿಟಿಪಿ ವಿಳಾಸ ಬರೆದು, 631 ಪೋರ್ಟ್, ಪ್ರಿಂಟರ್ಸ್, ಆಮೇಲೆ ನೀವಿಟ್ಟ ಕ್ಯೂ ಹೆಸರು ಹಾಕಿದರೆ ಐಪಿಪಿ ಅನ್ನುವ ಸಾಮಾನ್ಯ ಭಾಷೆಯಲ್ಲಿ ಎರಡೂ ಮಾತಾಡಿಕೊಳ್ಳುತ್ತವೆ.

ಲಿನಕ್ಸ್ ಅಂದರೆ ಸುರಕ್ಷಿತ ಅಂತ ಸುಮ್ನೆ ಕೂರುವ ಹಾಗೂ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕಪ್ಸ್ ಜೊತೆಗೆ ಬರುವ ‘ಕಪ್ಸ್-ಬ್ರೌಸ್ಡ್’ ಅನ್ನುವ ಭಾಗದಲ್ಲಿ ದೊಡ್ಡ ದೋಷ ಬಯಲಾಯಿತು. ನೆಟ್‌ವರ್ಕಿನಲ್ಲಿ ಬೇರೆ ಪ್ರಿಂಟರ್‌ಗಳನ್ನು ಹುಡುಕುವುದು ಅದರ ಕೆಲಸ. ಒಂದೇ ಪ್ರಿಂಟರ್ ಕಟ್ಟಿಕೊಂಡ ಪೆಟ್ಟಿಗೆಗೆ ಹುಡುಕುವುದಕ್ಕೇನಿದೆ? ನಿಲ್ಲಿಸಿಬಿಡಿ. ಪೋರ್ಟ್ 631 ನಿಮ್ಮ ಆಫೀಸಿನ ಒಳಗೆ ಮಾತ್ರ ತೆರೆದಿರಲಿ.

ಕಪ್ಸ್‌ನ ದೊಡ್ಡ ಅವಗುಣ ತಾಂತ್ರಿಕವಾದದ್ದಲ್ಲ. ಕೆಟ್ಟಾಗ ಬರುವ ಹಾರ್ಡ್‌ವೇರ್ ಹುಡುಗನಿಗೆ ವಿಂಡೋಸ್ ಗೊತ್ತಿರುತ್ತದೆ, ಇದು ಗೊತ್ತಿರುವುದಿಲ್ಲ. ನಿಮಗೊಬ್ಬರಿಗೇ ಗೊತ್ತಿದ್ದರೆ, ಪಾಸ್‌ವರ್ಡ್ ಇಟ್ಟುಕೊಂಡು ಮದುವೆಗೆ ಹೋದ ಮೇಡಂ ಈಗ ನೀವೇ ಆಗಿರುತ್ತೀರಿ.

ಉಳಿದವು, ಬೇಗಬೇಗ

ಅಂಗಡಿಯಲ್ಲಿ ಸಿಗುವ ಯುಎಸ್‌ಬಿ ಪ್ರಿಂಟ್ ಸರ್ವರ್ ಡಬ್ಬಿಗಳು, ರೌಟರ್ ಹಿಂದಿನ ಯುಎಸ್‌ಬಿ ಕಿಂಡಿ, ಇವೆರಡನ್ನೂ ಬುದ್ಧಿ ಇಲ್ಲದ ಪ್ರಿಂಟರ್‌ಗಳಿಗೆ ನಾನು ಹೇಳುವುದಿಲ್ಲ. ಬಂದದ್ದನ್ನು ಹಾಗೇ ದಾಟಿಸುವುದಷ್ಟೇ ಅವುಗಳಿಗೆ ಗೊತ್ತು. 1020ರಂಥ ಪ್ರಿಂಟರ್‌ಗೆ ಫರ್ಮ್‌ವೇರ್ ತುಂಬುವವರು ಯಾರು? ಸ್ಕ್ಯಾನರ್ ಇರುವ ಪ್ರಿಂಟರ್ ಆದರೆ ಹೆಚ್ಚಿನ ಡಬ್ಬಿಗಳಲ್ಲಿ ಸ್ಕ್ಯಾನ್ ಮರೆತುಬಿಡಿ.

ವಿಂಡೋಸ್ ಸರ್ವರ್ ಈಗಾಗಲೇ ಇರುವ ದೊಡ್ಡ ಆಫೀಸಿನವರು ಅದರಲ್ಲೇ ಪ್ರಿಂಟ್ ಸರ್ವರ್ ಹಾಕಿಕೊಳ್ಳಲಿ, ಎಲ್ಲರ ಲಾಗಿನ್ ನೋಡಿಕೊಳ್ಳುವ ಡೊಮೈನ್ ಕಂಟ್ರೋಲರ್ ಇರುವ ಸರ್ವರ್‌ನಲ್ಲಿ ಮಾತ್ರ ಬೇಡ. ಪ್ರಿಂಟಿಗಾಗಿಯೇ ಅದನ್ನು ಕೊಳ್ಳುವುದು ಇಲಿ ಹಿಡಿಯಲು ಬೆಟ್ಟ ಅಗೆದ ಹಾಗೆ. ಕ್ಲೌಡ್ ಮೂಲಕ ಪ್ರಿಂಟ್ ಮಾಡುವ ಸೇವೆಗಳೂ ಇವೆ, ಮೈಕ್ರೋಸಾಫ್ಟ್‌ನದು ಯೂನಿವರ್ಸಲ್ ಪ್ರಿಂಟ್. ಎರಡು ಮೂರು ಊರಲ್ಲಿ ಶಾಖೆ ಇದ್ದರೆ ಯೋಚಿಸಬಹುದು. ಗೂಗಲ್ ತನ್ನ ಕ್ಲೌಡ್ ಪ್ರಿಂಟನ್ನು 2020ರ ಕೊನೆಗೆ ಮುಚ್ಚಿಬಿಟ್ಟದ್ದನ್ನು ನೋಡಿದ ಮೇಲೆ, ಪಕ್ಕದ ಮೇಜಿನ ಪ್ರಿಂಟರ್‌ಗೆ ಕಾಗದ ಕಳಿಸಲು ಇಂಟರ್ನೆಟ್ ಬೇಕು ಅನ್ನುವ ಏರ್ಪಾಟು ನನಗೆ ರುಚಿಸುವುದಿಲ್ಲ.

ಕನ್ನಡ ಅಕ್ಷರ ಒಡೆಯುತ್ತದಾ?

ಸರ್ವರ್‌ನಲ್ಲಿ ನುಡಿ ಫಾಂಟ್ ಇಲ್ಲದಿದ್ದರೆ ಏನಾಗುತ್ತದೆ ಅಂತ ಬಹಳ ಜನ ಕೇಳುತ್ತಾರೆ. ನ್ಯಾಯವಾದ ಭಯ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಪೆನ್‌ಡ್ರೈವಿನಲ್ಲಿ ಬೇರೆ ಕಡೆ ಒಯ್ದು ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅವತ್ತು ಜೆರಾಕ್ಸ್ ಅಂಗಡಿಯಲ್ಲಿ ನಮಗೂ ಅದೇ ಆಯಿತು, ವಾಪಸ್ ಬಂದು ಪಿಡಿಎಫ್ ಮಾಡಿಕೊಂಡು ಹೋದೆವು.

ಆದರೆ ನೆಟ್‌ವರ್ಕ್ ಪ್ರಿಂಟಿಂಗ್‌ನಲ್ಲಿ ಹೋಗುವುದು ಫೈಲ್ ಅಲ್ಲ, ಪುಟ. ನಿಮ್ಮ ಸಿಸ್ಟಮ್‌ನಲ್ಲೇ ಅಕ್ಷರಗಳು ಚಿತ್ರವಾಗಿಯೋ, ಫಾಂಟ್ ಒಳಗೇ ಸೇರಿದ ಪಿಡಿಎಫ್ ಆಗಿಯೋ ಹೊರಡುತ್ತವೆ. ಸರ್ವರ್‌ಗೆ ನುಡಿ ಬೇಕಿಲ್ಲ, ಕನ್ನಡವೂ ಬೇಕಿಲ್ಲ. ವಿಂಡೋಸ್ ಶೇರ್‌ನಲ್ಲಿ ಪ್ರಿಂಟರ್ ಪ್ರಾಪರ್ಟೀಸ್‌ನ ಶೇರಿಂಗ್ ಪುಟದಲ್ಲಿ, ಪುಟ ತಯಾರಿಸುವ ಕೆಲಸ ಕಳಿಸುವವರ ಸಿಸ್ಟಮ್‌ನಲ್ಲೇ ಆಗಲಿ ಅನ್ನುವ ಗುರುತು ಇರುತ್ತದೆ, ಅದು ಇದ್ದ ಹಾಗೇ ಇರಲಿ. ಕಪ್ಸ್‌ನಲ್ಲಿ ಒಂದೇ ಎಚ್ಚರ, ಕನ್ನಡ ಇರುವ ಬರೀ ಟೆಕ್ಸ್ಟ್ ಫೈಲನ್ನು ಕಮಾಂಡ್‌ನಿಂದ ನೇರ ಸರ್ವರ್‌ಗೆ ತಳ್ಳಬೇಡಿ. ಅಲ್ಲಿ ಒತ್ತಕ್ಷರ ಕೂಡಿಸುವ ಬುದ್ಧಿ ಇರುವುದಿಲ್ಲ. ಎಡಿಟರ್‌ನಲ್ಲಿ ತೆರೆದು ಪ್ರಿಂಟ್ ಕೊಡಿ.

ಹಾಗಾದರೆ ಯಾವುದು?

ಪ್ರಿಂಟರ್‌ಗೆ ಲ್ಯಾನ್ ಇದ್ದರೆ ನೇರವಾಗಿ ಸೇರಿಸಿ, ಬೇರೆ ಮಾತಿಲ್ಲ. ಯುಎಸ್‌ಬಿ ಮಾತ್ರ ಇದ್ದು, ಆಫೀಸಿನಲ್ಲಿ ಯಾರಿಗೂ ಲಿನಕ್ಸ್ ಬಾರದಿದ್ದರೆ ವಿಂಡೋಸ್ ಶೇರ್ ಇರಲಿ, ಆದರೆ ರಜೆ ಕಡಿಮೆ ಹಾಕುವವರ ಸಿಸ್ಟಮ್‌ಗೆ ಕೇಬಲ್ ಬದಲಿಸಿ. ಡ್ರೈವರ್ ಇದೆ, ಕಲಿಯುವ ಒಬ್ಬರಾದರೂ ಜೊತೆಗಿದ್ದಾರೆ ಅಂದರೆ ಹಳೆ ಲ್ಯಾಪ್‌ಟಾಪ್ ಮತ್ತು ಕಪ್ಸ್. ಹಾಳೆ ಎಣಿಸಿ ದುಡ್ಡು ತೆಗೆದುಕೊಳ್ಳುವ ಡಿಟಿಪಿ ಸೆಂಟರ್ ಆದರೆ ಲ್ಯಾನ್ ಪ್ರಿಂಟರ್ ಇದ್ದರೂ ಕಪ್ಸ್ ನಡುವೆ ಇರಲಿ, ಲೆಕ್ಕ ಅಲ್ಲೇ ಸಿಗುತ್ತದೆ.

ಹೊಸ ಪ್ರಿಂಟರ್ ಕೊಳ್ಳುವವರಿದ್ದರೆ ಪೆಟ್ಟಿಗೆಯ ಮೇಲೆ ಏರ್‌ಪ್ರಿಂಟ್ ಅಥವಾ ಮೊಪ್ರಿಯಾ ಗುರುತು ಹುಡುಕಿ. ಪ್ರಿಂಟರ್ ಕಂಪನಿಗಳ ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಹೇಳಿದೆ. ಕಪ್ಸ್‌ನವರೂ ಹಳೆ ಡ್ರೈವರ್ ಪದ್ಧತಿಯನ್ನು 3ನೇ ಆವೃತ್ತಿಯಲ್ಲಿ ಕೈಬಿಡುವ ದಾರಿಯಲ್ಲಿದ್ದಾರೆ. ಎರಡೂ ಕಡೆಯವರು ಐಪಿಪಿ ಕಡೆಗೇ ಹೋಗುತ್ತಿದ್ದಾರೆ. ಡ್ರೈವರ್ ಬೇಡದ ಪ್ರಿಂಟರ್‌ಗೆ ಆಯುಷ್ಯ ಜಾಸ್ತಿ.

ಬದಲಾಯಿಸುವ ದಿನ ಸೋಮವಾರ ಬೇಡ, ತಿಂಗಳ ಕೊನೆ ಬೇಡ. ಹೊಸ ಕ್ಯೂ ಸೇರಿಸಿ ಅದನ್ನೇ ಡೀಫಾಲ್ಟ್ ಮಾಡಿ, ಹಳೆಯದು ಒಂದು ವಾರ ಪಕ್ಕದಲ್ಲಿರಲಿ. ವಾರ ಕಳೆದ ಮೇಲೆ ಮರೆಯದೆ ಅಳಿಸಿ. ನಾವು ಅಳಿಸಲಿಲ್ಲ. ಎರಡು ತಿಂಗಳಾದ ಮೇಲೆ ಮೇಡಂ ಏನೋ ಹುಡುಕುವಾಗ ಅವರ ಸಿಸ್ಟಮ್‌ಗೆ ಪ್ರಿಂಟರಿನ ಕೇಬಲ್ ಮತ್ತೆ ಚುಚ್ಚಿದರು. ಯಾರ್ಯಾರೋ ಹಳೆ ಕ್ಯೂಗೆ ಕೊಟ್ಟು ‘ಬರಲಿಲ್ಲ’ ಅಂತ ಬಿಟ್ಟಿದ್ದ ಹದಿನಾಲ್ಕು ಪ್ರಿಂಟ್ ಒಂದರ ಹಿಂದೆ ಒಂದು ಹೊರಬಂದವು. ಅದರಲ್ಲಿ ಎರಡು ರಜೆ ಅರ್ಜಿ.